ತಂಬೂರಿ ಅಲುಗಿದರೆ ಟರ್ನ್‌ಟೇಬಲ್ ಬದಲಿಸಬೇಕೆ?

ಸೇಡಮಿನ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಅವರ ತಂದೆಯವರು ಕೂಡಿಸಿಟ್ಟ ಹಿಂದೂಸ್ಥಾನಿ ಸಂಗೀತದ ವಿನೈಲ್ ತಟ್ಟೆಗಳಿವೆ. ಅವುಗಳಲ್ಲೊಂದರಲ್ಲಿ, ಭೀಮಸೇನ ಜೋಶಿಯವರ ಗಾಯನದ ಹಿಂದೆ ಮಿಡಿಯುವ ತಂಬೂರಿಯ ಷಡ್ಜವು ಅಲುಗುತ್ತಿತ್ತು. ಯಂತ್ರಕ್ಕೆ ಮುಪ್ಪು ಬಂದಿತೆಂದು ಬಗೆದು ಅವರು ಎರಡು ತಿಂಗಳ ಸಂಬಳವನ್ನು ಹೊಸ ಟರ್ನ್‌ಟೇಬಲಿಗೆ ಸುರಿಯಲು ಹೊರಟಿದ್ದರು. ಬೇಡವೆಂದು ತಡೆದವನು ನಾನು.

ಟರ್ನ್‌ಟೇಬಲಿನ ಕೆಲಸ ಅಲ್ಪವಾದುದು: ನಿಮಿಷಕ್ಕೆ 33⅓ ಸುತ್ತು, ಏರಿಳಿತವಿಲ್ಲದೆ, ಸದ್ದಿಲ್ಲದೆ ತಿರುಗುವುದು. ಸಾಧಾರಣವಾದ ಒಳ್ಳೆಯ ಯಂತ್ರದಲ್ಲಿ ವೇಗದ ಏರಿಳಿತವು ಶೇಕಡ 0.1 ಅಥವಾ 0.2ರಷ್ಟು ಮಾತ್ರ. ಆದರೆ ತಟ್ಟೆಯ ನಡುವಣ ರಂಧ್ರವೇ 1 ಮಿ.ಮೀ. ಓರೆಯಾಗಿದ್ದರೆ? ಕೇಂದ್ರದಿಂದ 10 ಸೆಂ.ಮೀ. ದೂರದ ಗೀರಿನಲ್ಲಿ ವೇಗವು ಪ್ರತಿ ಸುತ್ತಿಗೂ ಶೇಕಡ 1ರಷ್ಟು ಏರಿ ಅಷ್ಟೇ ಇಳಿಯುತ್ತದೆ. ಎಂದರೆ ಅರ್ಧಸ್ವರದ ಸುಮಾರು ಆರನೆಯ ಒಂದು ಪಾಲು. ತಾನದ ಓಟದಲ್ಲಿ ಇದು ಅಡಗೀತು, ಎಡೆಬಿಡದ ತಂಬೂರಿಯಲ್ಲಿ ಅಡಗದು. ಗಡಿಯಾರ ಹಿಡಿದು ಎಣಿಸಿದೆವು: 18 ಸೆಕೆಂಡಿಗೆ 10 ಅಲುಗು, ಸುತ್ತಿಗೊಂದು. ಮುಳ್ಳಿನ ತೋಳೂ ಅದೇ ಲಯದಲ್ಲಿ ಅತ್ತಿತ್ತ ತೂಗುತ್ತಿತ್ತು. ಉಳಿದ ತಟ್ಟೆಗಳಲ್ಲಿ ಈ ದೋಷವಿರಲಿಲ್ಲ. ಲಕ್ಷ ರೂಪಾಯಿಯ ಯಂತ್ರವಾದರೂ ಈ ಓರೆಯನ್ನು ನಿಷ್ಠೆಯಿಂದ ನುಡಿಸಿಯೇ ತೀರುತ್ತಿತ್ತು!

ಹಣವನ್ನು ನಿಜವಾಗಿ ಬೇಡುವುದು ಮುಳ್ಳು. ತಟ್ಟೆಯ ಹೊರ ಅಂಚಿನಲ್ಲಿ ಗೀರು ಸೆಕೆಂಡಿಗೆ ಅರ್ಧ ಮೀಟರು ಓಡಿದರೆ ಒಳತುದಿಯಲ್ಲಿ ಓಟ ಸುಮಾರು 0.2 ಮೀಟರು. ಆದುದರಿಂದ 10,000 ಕಂಪನಗಳ ನಾದದ ಒಂದು ಅಲೆಗೆ ಅಲ್ಲಿ ಸಿಕ್ಕುವ ಜಾಗ 0.02 ಮಿ.ಮೀ. ಮಾತ್ರ. ಸಾಮಾನ್ಯ ದುಂಡುಮುಳ್ಳಿನ ತುದಿಯ ತ್ರಿಜ್ಯವೇ 0.015 ಮಿ.ಮೀ.ಗಿಂತ ಕಡಮೆಯಿಲ್ಲ, ಅದು ಆ ಅಲೆಯೊಳಗೆ ಇಳಿಯುವುದೆಂತು? ತಟ್ಟೆಯ ಕೊನೆಯಲ್ಲಿ ದನಿ ಒರಟಾಗುವುದಕ್ಕೆ ಇದೊಂದು ಕಾರಣ. ಅಂಡಾಕಾರದ ಮುಳ್ಳು ಇದನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. ಸವೆದ ಮುಳ್ಳಂತೂ ಗೀರನ್ನೇ ಕೆತ್ತಿಹಾಕುತ್ತದೆ. ತಂದೆಯ ತಟ್ಟೆಯನ್ನು ಮರಳಿ ಕೊಡುವ ಅಂಗಡಿ ಎಲ್ಲಿಯೂ ಇಲ್ಲ.

ಇನ್ನು ಮೇಜು. ವಾಡಿ ಜಂಕ್ಷನ್ನಿನ ಬಳಿ ಗೂಡ್ಸು ಗಾಡಿ ಹಾದಾಗ ನೆಲ ನಡುಗುವುದು ಅಲ್ಲಿನವರಿಗೆ ಹೊಸದಲ್ಲ. ಆ ನಡುಕವನ್ನೂ ಮುಳ್ಳು ಸಂಗೀತವೆಂದೇ ತಿಳಿಯುತ್ತದೆ. ಮೆತ್ತನೆಯ ರಬ್ಬರಿನ ಮೇಲೆ ಒಂದು ಶಹಾಬಾದ ಕಲ್ಲಿನ ಹಾಸು, ಅದರ ಮೇಲೆ ಯಂತ್ರ; ಭಾರ ಹೆಚ್ಚಿದಷ್ಟೂ ಸಹಜ ಕಂಪನ ಇಳಿದು ನಡುಕ ಮೇಲೇರದು. ಬರಿಯ ಕಲ್ಲು ಸಾಲದು, ರಬ್ಬರು ಬೇಕು. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೇನು ಬರ!

ಯಾವ ಯಂತ್ರವಾದರೂ ಆದೀತೆಂದು ನಾನು ವಾದಿಸುತ್ತಿಲ್ಲ. ಐದಾರು ಗ್ರಾಂ ಭಾರದಿಂದ ಗೀರನ್ನೊತ್ತುವ ಅಗ್ಗದ ಪೆಟ್ಟಿಗೆಯಿಂದ ಎರಡು ಗ್ರಾಮಿನ ಕಾಂತೀಯ ಮುಳ್ಳಿನ ಯಂತ್ರಕ್ಕೆ ಏರಿದರೆ ವ್ಯತ್ಯಾಸ ಯಾರ ಕಿವಿಗೂ ಕೇಳಿಸುತ್ತದೆ. ಅದರಾಚೆಗಿನ ಹೊಗಳಿಕೆಯನ್ನು ಪರದೆಯ ಹಿಂದಿಟ್ಟು ಪರೀಕ್ಷಿಸಿರಿ: ಎರಡೂ ಯಂತ್ರಗಳ ದನಿ ಸಮನಾಗಿರಲಿ, ಹತ್ತು ಸಲ ನುಡಿಸಲಿ. ಐದು ಸಲ ಮಾತ್ರ ಸರಿಯಾಗಿ ಗುರುತಿಸಿದರೆ ನಾಣ್ಯ ಚಿಮ್ಮಿದಂತೆಯೇ ಸರಿ. ವೇಗದ ಪರೀಕ್ಷೆ ಇನ್ನೂ ಸುಲಭ. ದುಂಡು ಕಾಗದದ ಮೇಲೆ ಸಮದೂರದಲ್ಲಿ 180 ಗೆರೆಗಳನ್ನೆಳೆದು, ಹಳೆಯ ಚೋಕಿನ ಟ್ಯೂಬ್ ದೀಪದಡಿ ತಿರುಗಿಸಿರಿ; ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ.

ಸ್ನೇಹಿತರು ಮುಳ್ಳನ್ನು ಬದಲಿಸಿದರು, ಕಲ್ಲನ್ನು ಹಾಸಿದರು. ಓರೆಯಾದ ಆ ಒಂದು ತಟ್ಟೆಯ ತಂಬೂರಿ ಮಾತ್ರ ಇಂದಿಗೂ 1.8 ಸೆಕೆಂಡಿಗೊಮ್ಮೆ ಅಲುಗುತ್ತದೆ.