ಗಾಜಿನೊಳಗಿನ ಕಡಲು, ಗಾಜಿನಾಚೆಯ ಲೆಕ್ಕ

ಘಟ್ಟದ ಮೇಲಿನ ಪತ್ರಿಕೆಯ ಸಂಪಾದಕೀಯದಲ್ಲಿ ಕಡಲಿನ ಹವಳಕ್ಕೇನು ಕೆಲಸವೆಂಬ ಪ್ರಶ್ನೆ ಓದುಗರಲ್ಲಿ ಏಳುವುದು ಸಹಜ. ಕಾಡು, ಹೊಳೆ, ಸೊಪ್ಪಿನಬೆಟ್ಟಗಳ ವಿಚಾರವೇ ಮುಗಿಯದಷ್ಟಿರುವಾಗ, ಬೆಂಗಳೂರಿನ ಬಹುಮಹಡಿ ಮನೆಯ ಹಜಾರದಲ್ಲಿ ಉಪ್ಪುನೀರು ತುಂಬಿಕೊಂಡು ನಿಂತ ಗಾಜಿನ ತೊಟ್ಟಿಯ ಗೊಡವೆ ಏಕೆ? ಅಂಥ ತೊಟ್ಟಿ ಕಟ್ಟುವ ಆಸೆ ಹೊತ್ತವರಲ್ಲಿ ಮಲೆನಾಡಿನ ಮನೆಗಳಿಂದ ಹೋದ ಮಕ್ಕಳೂ ಇದ್ದಾರೆ. ಅದಕ್ಕಿಂತ ಮುಖ್ಯವಾಗಿ, ಆ ತೊಟ್ಟಿಯೊಳಗೆ ಸೇರುವ ಪ್ರತಿಯೊಂದು ವಸ್ತುವೂ ಎಲ್ಲಿಂದಲೋ ಬರಬೇಕು. ಎಲ್ಲಿಂದ ಎಂದು ಕೇಳುವುದು ಬೆಟ್ಟದ ಜನರಿಗೆ ಹೊಸದಲ್ಲ. ಜಲ್ಲಿ, ಮರ, ಮರಳು, ವಿದ್ಯುತ್ತುಗಳ ವಿಷಯದಲ್ಲಿ ಅವರು ಕೇಳುತ್ತ ಬಂದದ್ದೂ ಅದನ್ನೇ.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಸಾಸಿವೆಯಿಂದ ಹಿಡಿದು ನಾಣ್ಯದಷ್ಟು ಗಾತ್ರದ ಮೃದು ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಕೂಡಿ ಬಾಳುತ್ತ, ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ ತಮ್ಮ ಅಡಿಯಲ್ಲಿ ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬಿಡಾರ ಹೂಡಿ, ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತವೆ. ಈ ಕೊಡುಕೊಳೆಯೇ ಹವಳದಿಬ್ಬದ ಅಡಿಪಾಯ. ಕಡಲತಳದ ಶೇಕಡ ಒಂದಕ್ಕೂ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಆಶ್ರಯವಾಗಿವೆ. ನೀರಿನ ಉಷ್ಣತೆ ಬೇಸಿಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಹವಳಗಳು ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಿಳಿಚಿದವು.

ಇಂಥ ಸೂಕ್ಷ್ಮ ಜೀವಿಯನ್ನು ಮನೆಯಲ್ಲಿ ಬದುಕಿಸಬಹುದೆಂದು ತೋರಿಸಿದವರಲ್ಲಿ ಮೊದಲಿಗರು ಇಂಡೋನೇಷ್ಯಾದ ಜಕಾರ್ತದ ಲೀ ಚಿನ್ ಎಂಗ್. ಸೂಕ್ಷ್ಮಜೀವಿಗಳು ನೆಲೆಸಿದ ದಿಬ್ಬದ ಕಲ್ಲನ್ನೇ ತೊಟ್ಟಿಗಿಟ್ಟು, ಗಾಳಿಯ ಗುಳ್ಳೆಗಳಿಂದ ನೀರನ್ನು ಕದಡುವ ತಮ್ಮ ವಿಧಾನವನ್ನು ಅವರು 1961ರಲ್ಲಿ ಪ್ರಕಟಿಸಿದರು. ಕೊಳೆಯನ್ನು ನೊರೆಯಾಗಿಸಿ ಹೊರಹಾಕುವ ಸ್ಕಿಮ್ಮರ್ ಮತ್ತು ಪ್ರಖರವಾದ ದೀಪಗಳನ್ನು ಇದಕ್ಕೆ ಜೋಡಿಸಿದವರು ಬರ್ಲಿನ್ನಿನ ಹವ್ಯಾಸಿಗಳು. ಅವರಲ್ಲೊಬ್ಬರಾದ ಡೀಟ್ರಿಷ್ ಸ್ಟ್ಯೂಬರ್ ತಮ್ಮ ತೊಟ್ಟಿಯ ಕವಲುಹವಳವನ್ನು ತುಂಡು ಮಾಡಿ ಇತರರಿಗೆ ಹಂಚಿದರು. ಆ ತುಂಡು ಬೆಳೆದು, ಮತ್ತೆ ತುಂಡಾಗಿ, ಕೈಯಿಂದ ಕೈಗೆ ಸಾಗಿತು. ಮಲೆನಾಡಿನ ಹೆಂಗಸರು ನೆಂಟರ ಮನೆಯಿಂದ ಡೇರೆಗಡ್ಡೆಯನ್ನೂ ದಾಸವಾಳದ ಗೆಲ್ಲನ್ನೂ ಕೇಳಿ ತರುವಂತೆಯೇ ಇದು. ಒಂದು ಗೆಲ್ಲು ಹತ್ತು ಅಂಗಳಗಳಲ್ಲಿ ಹೂಬಿಟ್ಟರೆ ಕಾಡಿಗೆ ನಷ್ಟವಿಲ್ಲ. ಹವ್ಯಾಸವು ಈ ದಾರಿಯಲ್ಲೇ ಸಾಗಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲವೇನೋ.

ಈಗ ತೊಟ್ಟಿಯ ಲೆಕ್ಕ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಸಾಧಾರಣ ತೊಟ್ಟಿ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದನ್ನು ಕೊಳ್ಳುವುದು ಮಿತವ್ಯಯವೆಂದು ತೋರಿದರೂ ಅಪಾಯವೇ ಹೆಚ್ಚು. ನೀರು ಕಡಿಮೆಯಾದಷ್ಟೂ ಸಣ್ಣ ತಪ್ಪು ಬೇಗ ಕೊಲ್ಲುತ್ತದೆ. ನೀರು, ಗಾಜು, ಕಲ್ಲು, ಪೀಠಗಳೆಲ್ಲ ಸೇರಿ ಭಾರವು ಮುನ್ನೂರು ಕಿಲೋಗ್ರಾಂ ಸಮೀಪಿಸುವುದರಿಂದ ಅದನ್ನು ಇಡುವ ಜಾಗವನ್ನು ಮೊದಲೇ ಯೋಚಿಸಬೇಕು. ಕಿಟಕಿಯ ನೇರ ಬಿಸಿಲು ತಾಗಕೂಡದು. ಒಂದು ಲೀಟರಿಗೆ ಸುಮಾರು 35 ಗ್ರಾಂನಂತೆ ಮೊದಲ ಬಾರಿಗೇ ಆರೂವರೆ ಕಿಲೋ ಉಪ್ಪು ಬೇಕು. ಇದು ಅಡುಗೆಯ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಮೊದಲಾದ ಲವಣಗಳನ್ನು ಕಡಲಿನ ಪ್ರಮಾಣದಲ್ಲಿ ಬೆರೆಸಿ ಸಿದ್ಧಪಡಿಸಿದ ಉಪ್ಪು. ಇದರ ಮೇಲೆ ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಬೇಕೆಂಬುದು ರೂಢಿ. ಅಂದರೆ ವರ್ಷಕ್ಕೆ ಸುಮಾರು ಸಾವಿರ ಲೀಟರ್ ನೀರು, 35 ಕಿಲೋ ಉಪ್ಪು.

ಆ ನೀರು ನಲ್ಲಿಯಿಂದ ನೇರವಾಗಿ ಬರುವಂಥದ್ದಲ್ಲ. ಕ್ಲೋರಿನ್, ನೈಟ್ರೇಟ್, ಫಾಸ್ಫೇಟುಗಳನ್ನು ಕಳೆಯಲು ಅದನ್ನು ಆರ್‌ಒ ಯಂತ್ರದಲ್ಲಿ ಹಾಯಿಸಬೇಕು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಚರಂಡಿ ಸೇರಿದರೆ, ಸಾವಿರ ಲೀಟರಿಗೆ ಮೂರು ಸಾವಿರ ಲೀಟರ್ ಪೋಲು. ದಿನವೂ ಆವಿಯಾಗುವ ಒಂದೆರಡು ಲೀಟರನ್ನು ಸಿಹಿನೀರಿನಿಂದಲೇ ತುಂಬಬೇಕಾದ್ದರಿಂದ ಅದರ ಲೆಕ್ಕ ಬೇರೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಇದನ್ನು ಮರೆತು ಉಪ್ಪುನೀರನ್ನೇ ಸುರಿದು ಮೀನು ಕೊಂದ ಹೊಸಬರು ಕಡಿಮೆಯಿಲ್ಲ. ಬೆಂಗಳೂರಿನ ನಲ್ಲಿಗೆ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲೇರಿ ಬರುತ್ತದೆ. ಅದು ಸಾಲದೆಂದು 2019ರಲ್ಲಿ ಶರಾವತಿಯನ್ನೂ ಅತ್ತ ಒಯ್ಯುವ ಪ್ರಸ್ತಾವ ಎದ್ದಾಗ ಮಲೆನಾಡು ಬೀದಿಗಿಳಿದಿತ್ತು. ಪೋಲಾಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವ ಏರ್ಪಾಡು ಸ್ಕಿಮ್ಮರಿನಷ್ಟೇ ಅಗತ್ಯವಾದ ಉಪಕರಣವೆಂದು ಯಾವ ಅಂಗಡಿಯವನೂ ಹೇಳಲಾರ.

ವಿದ್ಯುತ್ತಿನ ವಿಷಯ ಇನ್ನೂ ಹತ್ತಿರದ್ದು. ಅಲೆ ಎಬ್ಬಿಸುವ ಪಂಪು, ನೀರನ್ನು ಶೋಧಕಕ್ಕೆ ಹಾಯಿಸುವ ಪಂಪು, ಸ್ಕಿಮ್ಮರುಗಳು ಹಗಲಿರುಳು ನಡೆಯಬೇಕು. ಹವಳದ ಪಾಚಿಗಾಗಿ ಎಂಟು ಹತ್ತು ತಾಸು ದೀಪ ಉರಿಯಬೇಕು. ಕಡು ಬೇಸಿಗೆಯಲ್ಲಿ ನೀರನ್ನು 26 ಡಿಗ್ರಿಯ ಆಸುಪಾಸಿನಲ್ಲಿಡಲು ಶೀತಲಯಂತ್ರವೂ ಬೇಕಾಗುತ್ತದೆ. ಇವೆಲ್ಲ ಸೇರಿ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಯೂನಿಟ್ ಎಂದು ಲೆಕ್ಕ ಹಾಕಿದರೆ ಹೆಚ್ಚೇನಲ್ಲ. ತೊಟ್ಟಿಯ ಯಜಮಾನ ಕಚೇರಿಯಿಂದ ಬಂದ ಮೇಲೆ ನೋಡಿ ಆನಂದಿಸಲೆಂದು ದೀಪಗಳನ್ನು ಸಂಜೆಯ ಹೊತ್ತಿಗೆ ಹೊಂದಿಸುವ ಪದ್ಧತಿಯಿದೆ. ರಾಜ್ಯದಲ್ಲಿ ವಿದ್ಯುತ್ ಬೇಡಿಕೆ ಏರುವ ಹೊತ್ತುಗಳಲ್ಲಿ ಅದೂ ಒಂದು. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ನೆನಪು ಇನ್ನೂ ಆರಿಲ್ಲ; ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ನೆಲೆಯಲ್ಲಿ, 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕೊಡುತ್ತಿರುವ ಸಮರ್ಥನೆಯೂ ಇಂಥ ಏರುಹೊತ್ತಿನ ಬೇಡಿಕೆಯೇ. ಒಂದು ತೊಟ್ಟಿಯಿಂದ ಅಣೆಕಟ್ಟು ಏಳುವುದಿಲ್ಲ, ನಿಜ. ಆದರೆ ಹವಳಕ್ಕೆ ಬೆಳಕು ಬೇಕೇ ಹೊರತು ಅದು ಸಂಜೆಯದೇ ಆಗಬೇಕೆಂದಿಲ್ಲ. ದೀಪವನ್ನು ನಡುಹಗಲಿಗೆ ಸರಿಸಿದರೆ ಹವಳಕ್ಕೆ ಏನೂ ಕೊರತೆಯಾಗದು. ನೋಡುವವನಿಗೆ ಭಾನುವಾರ ಇದ್ದೇ ಇದೆ.

ತೊಟ್ಟಿ ಕಟ್ಟುವವರ ನಿಜವಾದ ಪರೀಕ್ಷೆ ನೀರು ತುಂಬಿದ ಮೇಲೆ ಆರಂಭವಾಗುತ್ತದೆ. ಮೀನಿನ ಮಲಮೂತ್ರ, ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಸುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟೊಂದು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಸುತ್ತವೆ. ಈ ಸೂಕ್ಷ್ಮಾಣುಗಳು ಕಲ್ಲಿನ ಸಂದುಗೊಂದುಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ತೊಟ್ಟಿಯಲ್ಲಿ ಕಲ್ಲು, ನೀರು, ಮರಳು ಬಿಟ್ಟರೆ ಬೇರೇನೂ ಇರಕೂಡದು. ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಬಿಟ್ಟು, ಪರೀಕ್ಷಾ ದ್ರಾವಣದಿಂದ ಆಗಾಗ ಅಳೆಯುತ್ತ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ ಇಳಿದು ಸೊನ್ನೆಗೆ ಬರುವವರೆಗೆ ಕಾಯುವುದೊಂದೇ ಕೆಲಸ. ಗೊಬ್ಬರಗುಂಡಿಯ ಪಕ್ವವನ್ನು ಬಲ್ಲ ಕೃಷಿಕನಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಹಣ ಕೊಟ್ಟವನಿಗೆ ಬರೀ ಕಲ್ಲು ನೋಡುತ್ತ ಕೂರುವ ತಾಳ್ಮೆ ಎಲ್ಲಿಂದ ಬರಬೇಕು? ಅವನ ಆತುರಕ್ಕಾಗಿಯೇ ಒಂದು ಕ್ರೂರ ಪದ್ಧತಿ ಬೆಳೆದು ಬಂತು: ಗಟ್ಟಿ ಜೀವದ, ಅಗ್ಗದ ಡ್ಯಾಮ್ಸೆಲ್ ಮೀನುಗಳನ್ನು ಮೊದಲೇ ಬಿಟ್ಟು, ಅವು ವಿಷದಲ್ಲಿ ನರಳಿ ತೊಟ್ಟಿಯನ್ನು 'ಹದ' ಮಾಡುವಂತೆ ಮಾಡುವುದು. ಸತ್ತರೆ ಇನ್ನೆರಡು. ಆ ಮೀನೂ ಯಾವುದೋ ದಿಬ್ಬದಿಂದ ಹಿಡಿದು ತಂದದ್ದೇ ಆಗಿರುವುದು ಹೆಚ್ಚು.

ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಸಾಕಣೆಯಿಂದ ಬಂದರೆ, ಕಡಲ ಮೀನುಗಳಲ್ಲಿ ಬಹುಪಾಲು ಇಂದಿಗೂ ಕಾಡಿನವೇ, ಅಂದರೆ ಕಡಲಿನವೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಸಂರಕ್ಷಣಾ ಕೇಂದ್ರವು 2003ರಲ್ಲಿ ಪ್ರಕಟಿಸಿದ ವರದಿಯು, ಜಗತ್ತಿನ ಅಕ್ವೇರಿಯಂ ವ್ಯಾಪಾರಕ್ಕೆ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಕಡಲ ಮೀನುಗಳು, ಒಂದು ಕೋಟಿಗೂ ಮಿಕ್ಕ ಹವಳದ ತುಂಡುಗಳು ಸಾಗುತ್ತವೆಂದು ಅಂದಾಜು ಮಾಡಿತ್ತು. ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾಗಳಲ್ಲಿ ಮುಳುಗುಗಾರರು ಸಯನೈಡ್ ದ್ರಾವಣವನ್ನು ಹವಳದ ಸಂದಿಗೆ ಚಿಮ್ಮಿಸಿ, ಮತ್ತೇರಿದ ಮೀನನ್ನು ಹಿಡಿಯುವ ವಿಧಾನ 1960ರ ದಶಕದಿಂದ ಹಬ್ಬಿತು. ಆ ವಿಷ ತಗುಲಿದ ಹವಳ ಸಾಯುತ್ತದೆ. ಮೀನು ಅಂಗಡಿಯವರೆಗೆ ಬದುಕಿ, ಮನೆಗೆ ಬಂದ ಕೆಲವು ವಾರಗಳಲ್ಲಿ ಕಾರಣ ತಿಳಿಯದಂತೆ ಸಾಯಬಹುದು. ಘಟ್ಟದ ಹೊಳೆಗಳಲ್ಲಿ ಸಿಡಿಮದ್ದು, ಬ್ಲೀಚಿಂಗ್ ಪುಡಿ ಹಾಕಿ ಮೀನು ಹಿಡಿಯುವವರನ್ನು ಕಂಡವರಿಗೆ ಇದು ಯಾವ ಜಾತಿಯ ಕೆಲಸವೆಂದು ತಿಳಿದೀತು. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಒಂದು ಪುಟ್ಟ ಮೀನಿನ ಕಥೆ ಇನ್ನೂ ದಾರುಣ. ಗಂಡುಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುತ್ತದೆ, ಮರಿಗಳು ಹುಟ್ಟಿದ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಒಂದು ಕೊಲ್ಲಿಯಲ್ಲಿ ಹಿಡಿದು ಮುಗಿಸಿದರೆ ಪಕ್ಕದ ಕೊಲ್ಲಿಯಿಂದ ತುಂಬಿಕೊಳ್ಳದು. 1990ರ ದಶಕದಲ್ಲಿ ಅಕ್ವೇರಿಯಂ ಜಗತ್ತಿನ ಕಣ್ಣಿಗೆ ಬಿದ್ದ ಅದು, 2007ರ ಹೊತ್ತಿಗೆ ಅಳಿವಿನಂಚಿನ ಪಟ್ಟಿ ಸೇರಿತು.

ಹವಳದ ವಿಷಯದಲ್ಲಿ ಭಾರತದ ಕಾನೂನು ಸ್ಪಷ್ಟವಾಗಿದೆ. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಕೊಳಲು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಇವೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ, ಅಂದರೆ ಹುಲಿ ಆನೆಗಳ ಸಾಲಿಗೆ ಸೇರಿದವು. 2022ರ ತಿದ್ದುಪಡಿಯ ನಂತರವೂ ಅಲ್ಲಿಯೇ ಇವೆ. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಸೆರೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 'ಜೀವಂತ ಕಲ್ಲು' ಎಂದು ಮಾರುವ ದಿಬ್ಬದ ಕಲ್ಲು ಬಹುಮಟ್ಟಿಗೆ ಹವಳದ ಅಸ್ಥಿಯೇ ಆದ್ದರಿಂದ ಅದನ್ನು ಬೇರೆಯೆಂದು ಎಣಿಸುವಂತಿಲ್ಲ. ವಿದೇಶದ್ದು ಎಂಬ ಮಾತೂ ಸಾಲದು. ಕಲ್ಲುಹವಳಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಾಗದಪತ್ರ ಬೇಕು. ಮನೆಯಲ್ಲಿ ಜಿಂಕೆಯ ಕೊಂಬು ಇಟ್ಟುಕೊಳ್ಳಲು ಹೆದರುವ ಸಭ್ಯ ಗೃಹಸ್ಥರು ಹವಳವನ್ನು ನೀಲಿ ದೀಪದಡಿ ಅತಿಥಿಗಳಿಗೆ ತೋರಿಸುತ್ತಾರೆ.

ಹಾಗಾದರೆ ಈ ಹವ್ಯಾಸವನ್ನೇ ಕೈಬಿಡಬೇಕೇ? ಹಾಗೆನ್ನುವುದು ಸುಲಭ, ಆದರೆ ನ್ಯಾಯವಲ್ಲ. ಹವಳವನ್ನು ತುಂಡಿನಿಂದ ಬೆಳೆಸುವ ವಿದ್ಯೆಗೆ ತೊಟ್ಟಿಗಳ ಮುಂದೆ ರಾತ್ರಿಗಳನ್ನು ಕಳೆದ ಹವ್ಯಾಸಿಗಳ ಕೊಡುಗೆ ದೊಡ್ಡದು. ಒಂದು ಕಾಲಕ್ಕೆ ಸಾಕಣೆಯಲ್ಲಿ ಅಸಾಧ್ಯವೆನಿಸಿದ್ದ ನೀಲಿ ಟ್ಯಾಂಗ್ ಮೀನು 2016ರಲ್ಲಿ ಫ್ಲೋರಿಡಾದಲ್ಲಿ ಮರಿಯಾಯಿತು. ಕ್ಲೌನ್ ಮೀನನ್ನು ಸಾಕಿ ಮರಿ ಮಾಡುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಮಹಿಳೆಯರಿಗೆ ಅಲಂಕಾರಿಕ ಸಿಗಡಿ ಸಾಕುವ ತರಬೇತಿ ನಡೆದಿದೆ. ದಿಬ್ಬವನ್ನು ದೋಚದೆ ದ್ವೀಪದವರು ಅದರಿಂದ ಅನ್ನ ಕಾಣುವ ಬಗೆಯಿದು. ಹೀಗೆ ಸಾಕಣೆಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು, ಒಂದೆರಡು ಸಿಗಡಿ, ಸಿಮೆಂಟು ಚಿಪ್ಪುಸುಣ್ಣ ಕಲಸಿ ಎರಕ ಹೊಯ್ದ ಕಲ್ಲು, ಇಷ್ಟರಿಂದಲೇ ತೊಟ್ಟಿ ತುಂಬುತ್ತದೆ. ಹವಳವಿಲ್ಲದ ತೊಟ್ಟಿಗೆ ಅಷ್ಟು ಪ್ರಖರ ದೀಪವೂ ಬೇಡ. ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳಬಲ್ಲದು. ಕೊಳ್ಳುವಾಗ ಅದು ಯಾವ ಮರಿಕೇಂದ್ರದಲ್ಲಿ ಹುಟ್ಟಿತೆಂದು ಕೇಳಿ, ಉತ್ತರವನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳಿತು. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಬರಿಗೈಯಲ್ಲಿ ಹೊರಬಂದರೆ ತೊಟ್ಟಿಗೇನೂ ಹಾನಿಯಿಲ್ಲ. ಅದು ಹೇಗೂ ಆರು ವಾರ ಖಾಲಿಯಿರಬೇಕಾದದ್ದು.

ಅದೇ ಅಂಗಡಿಗಳ ಸಿಹಿನೀರಿನ ಸಾಲಿನಲ್ಲಿ ಜೀಬ್ರಾ ಲೋಚ್ ಎಂಬ ಹೆಸರಿನ, ಮೈತುಂಬ ಪಟ್ಟೆಗಳ ಪುಟ್ಟ ಮೀನೊಂದು ಕಾಣಸಿಗುತ್ತದೆ. ಅದರ ತವರು ತುಂಗೆಯೂ ಸೇರಿದಂತೆ ಪಶ್ಚಿಮ ಘಟ್ಟದ ಕೆಲವೇ ಹೊಳೆಗಳು; ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದೂ ಅಳಿವಿನಂಚಿನ ಪಟ್ಟಿಯಲ್ಲಿದೆ. 2005ರಿಂದ 2012ರವರೆಗೆ ಭಾರತದಿಂದ ಹೊರದೇಶಗಳಿಗೆ ಹೋದ, ಅಪಾಯದಲ್ಲಿರುವ ಸಿಹಿನೀರ ಮೀನುಗಳ ಲೆಕ್ಕ ತೆಗೆದ ಸಂಶೋಧಕರಿಗೆ, ಅತಿ ಹೆಚ್ಚು ಸಾಗಿದ ಮೂರು ಬಗೆಗಳಲ್ಲಿ ಇದೂ ಒಂದೆಂದು ತಿಳಿದುಬಂತು. ಬಂಗ್ಗಾಯ್ ದ್ವೀಪದವನಿಗೆ ತನ್ನ ಕೊಲ್ಲಿಯ ಮೀನು ಹೇಗೋ, ತೀರ್ಥಹಳ್ಳಿಯವನಿಗೆ ತುಂಗೆಯ ಈ ಮೀನು ಹಾಗೆ. ತಮ್ಮ ಹೊಳೆಯ ಮೀನು ಯಾವುದೋ ದೇಶದ ಹಜಾರದಲ್ಲಿ ಈಜುತ್ತಿರುವುದು ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಹವಳವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯುಳ್ಳವರಿಗೆ ಘಟ್ಟದ ಕೆಳಗೇ ದಾರಿಯಿದೆ. ಮುರ್ಡೇಶ್ವರದ ತೀರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತಣ ಬಂಡೆಗಳ ಮೇಲೆ ಹವಳ ಬೆಳೆದಿದೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ದೋಣಿಗಳು ಹೋಗುತ್ತವೆ. ಏನನ್ನೂ ಮುಟ್ಟದೆ, ಏನನ್ನೂ ತಾರದೆ, ಮುಖಕ್ಕೆ ಗಾಜಿನ ಕವಚ ಕಟ್ಟಿಕೊಂಡು ನೀರಿನ ಮೇಲೆ ಬೋರಲು ತೇಲಿದರೆ ಸಾಕು.