‘ಸಿಮೆಂಟ್’ ಎಂದು ಹೇಳಿ ಮುಗಿಸಬಹುದೇ?

ಒಂಬತ್ತನೆಯ ತರಗತಿಗೆ ‘ಅಂಗಾಂಶಗಳು’ ಪಾಠ ಮಾಡುತ್ತಿದ್ದೆ. ಅನುಲೇಪಕ ಅಂಗಾಂಶದ ಜೀವಕೋಶಗಳು ಒತ್ತೊತ್ತಾಗಿರುತ್ತವೆ, ನಡುವೆ ಅಂಟಿಸುವ ವಸ್ತು ಸ್ವಲ್ಪವೇ ಇರುತ್ತದೆ ಎಂದು ಹೇಳಿ, ಕಪ್ಪುಹಲಗೆಯ ಮೇಲೆ ಇಟ್ಟಿಗೆ-ಸಿಮೆಂಟಿನ ಗೋಡೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: “ಮಿಸ್, ಮೊಣಕಾಲು ತರಚಿದ್ರೆ ಪಕ್ಕದ ಚರ್ಮ ಬಂದು ಮುಚ್ಚುತ್ತಲ್ಲ, ಸಿಮೆಂಟ್ ಹಾಕಿದ ಇಟ್ಟಿಗೆ ಹೇಗೆ ಜರುಗುತ್ತೆ?”

“ನಾಳೆ ನೋಡೋಣ” ಎಂದೆ. ಪಾಠ ಯೋಜನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಆ ರಾತ್ರಿ ಬಿ.ಎಸ್ಸಿ. ಟಿಪ್ಪಣಿಗಳನ್ನು ಮತ್ತೆ ತೆಗೆದೆ. ಅನುಲೇಪಕ ಕೋಶಗಳನ್ನು ಹಿಡಿದಿಡುವುದರಲ್ಲಿ ಮುಖ್ಯವಾದದ್ದು ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್. ಅದು ಕೋಶಗಳ ನಡುವೆ ಸುರಿದ ಗಾರೆಯಲ್ಲ. ಎರಡೂ ಕೋಶಗಳಿಂದ ಹೊರಚಾಚಿದ ತೋಳು. ಒಂದೊಂದು ತೋಳಿನಲ್ಲಿ 5 ತುಂಡುಗಳು, ಪ್ರತಿ ತುಂಡಿನಲ್ಲಿ ಸುಮಾರು 110 ಅಮೈನೋ ಆಮ್ಲಗಳು. ತುಂಡು ತುಂಡು ಸೇರುವ ಪ್ರತಿ ಕೀಲಿನಲ್ಲೂ 3 ಕ್ಯಾಲ್ಸಿಯಂ ಅಯಾನುಗಳು ಕೂತು ತೋಳನ್ನು ಬಿಗಿಯಾಗಿಡುತ್ತವೆ. ಕ್ಯಾಲ್ಸಿಯಂ ತೆಗೆದರೆ ತೋಳು ಜೋತುಬಿದ್ದು ಹಿಡಿತ ಸಡಿಲವಾಗುತ್ತದೆ. ತೋಳಿನ ತುದಿಯಲ್ಲಿರುವ ಟ್ರಿಪ್ಟೊಫಾನ್ ಎದುರಿನ ತೋಳಿನ ಗುಳಿಯೊಳಗೆ ಹೊಕ್ಕು ಕೂರುತ್ತದೆ. ಎದುರಿನದೂ ಹಾಗೆಯೇ ಇದರೊಳಗೆ. ಒಂದು ಜೋಡಿಯ ಹಿಡಿತ ದುರ್ಬಲ, ನೂರಾರು ಜೋಡಿ ಸೇರಿದರೆ ಗಟ್ಟಿ. ಕೋಶದ ಒಳಗಡೆ ಕೆಟೆನಿನ್‌ಗಳು ಇದರ ಬಾಲವನ್ನು ಆಕ್ಟಿನ್ ಎಳೆಗಳಿಗೆ ಕಟ್ಟುತ್ತವೆ.

ಮರುದಿನ ಮಕ್ಕಳನ್ನು ಎದುರುಬದುರು ಎರಡು ಸಾಲು ನಿಲ್ಲಿಸಿ ತೋರುಬೆರಳಿಗೆ ತೋರುಬೆರಳು ಕೊಕ್ಕೆ ಹಾಕಿಸಿದೆ. ಪ್ರತಿಯೊಬ್ಬರ ಸೊಂಟ ಹಿಡಿದು ಹಿಂದೊಬ್ಬರು: ಅವರು ಕೆಟೆನಿನ್. “ಕ್ಯಾಲ್ಸಿಯಂ ಇಲ್ಲ” ಎಂದಾಗ ತೋಳುಗಳು ಜೋತುಬಿದ್ದವು, ಬೆರಳುಗಳು ಜಾರಿದವು. ಕ್ಯಾಲ್ಸಿಯಂ ಎಂದರೆ ಮೂಳೆ, ಹಲ್ಲು ಎಂದಷ್ಟೇ ತಿಳಿದಿದ್ದವರಿಗೆ ಇದು ಹೊಸದು. ಪ್ರಶ್ನೆ ಕೇಳಿದವಳಿಗೆ ಉತ್ತರ ನಾನು ಹೇಳಬೇಕಾಗಲಿಲ್ಲ. “ಬಿಟ್ಟು ಮತ್ತೆ ಹಿಡ್ಕೊಳ್ಳುತ್ತೆ” ಎಂದಳು. (ಗಲಾಟೆಯಾಯಿತು, ನಿಜ. ಪಕ್ಕದ ತರಗತಿಯವರು ಇಣುಕಿ ನೋಡಿದರು.)

ವೀಕ್ಷಕರು ನನ್ನ ಪುಸ್ತಕದಲ್ಲಿ ಬರೆದದ್ದು: ‘ವಿಷಯಾಂತರ. ಪಠ್ಯವನ್ನು ಮೀರಿದೆ.’ ಗೌರವದಿಂದಲೇ ಒಪ್ಪುವುದಿಲ್ಲ. ಪ್ರೋಟೀನಿನ ಹೆಸರು ಪಠ್ಯವನ್ನು ಮೀರಿದ್ದಿರಬಹುದು; ಆ ಹೆಸರನ್ನು ನಾನು ಹಲಗೆಯ ಮೇಲೆ ಬರೆಯಲೂ ಇಲ್ಲ. ಆದರೆ ಕೋಶಗಳು ಹೇಗೆ ಕೂಡಿರುತ್ತವೆ ಎಂಬುದು ಅಂಗಾಂಶದ ವ್ಯಾಖ್ಯೆಯೊಳಗೇ ಇದೆ. ಸಿಮೆಂಟ್ ಹೋಲಿಕೆ ಕೇವಲ ಅಪೂರ್ಣವಲ್ಲ, ತಪ್ಪು ದಾರಿಗೆ ಎಳೆಯುತ್ತದೆ. ಸಿಮೆಂಟ್ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಇಲಿಯ ಭ್ರೂಣ 8 ಕೋಶಗಳ ಹಂತದಲ್ಲಿ ಒತ್ತಾಗಿ ಮುದುಡಿಕೊಳ್ಳುವುದು ಇದೇ ಪ್ರೋಟೀನಿನ ಹಿಡಿತದಿಂದ. ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗಳಲ್ಲಿ ಈ ಹಿಡಿತವೇ ಕಳೆದುಹೋಗಿ ಕೋಶಗಳು ಒಂಟೊಂಟಿಯಾಗಿ ಸುತ್ತಲಿನ ಅಂಗಾಂಶಕ್ಕೆ ನುಗ್ಗುತ್ತವೆ. ಗೋಡೆಯ ಚಿತ್ರ ಇಟ್ಟುಕೊಂಡು ಇವೆರಡರಲ್ಲಿ ಯಾವುದನ್ನೂ ಮುಂದೆ ವಿವರಿಸಲಾಗದು.

ಗೋಡೆಯ ಚಿತ್ರದಲ್ಲಿ ಇನ್ನೊಂದು ದೋಷವಿದೆ. ಮನೆ ಕಟ್ಟಲೆಂದೇ ಸಿಮೆಂಟ್ ತರುತ್ತೇವೆ. ದೇಹ ಕಟ್ಟಲೆಂದೇ ಕ್ಯಾಡ್‌ಹೆರಿನ್ ಹುಟ್ಟಿತು ಎಂದು ನಾನೂ ತರಗತಿಯಲ್ಲಿ ಬಾಯಿತಪ್ಪಿ ಹೇಳಿಬಿಟ್ಟಿದ್ದೆ. ಆದರೆ ಪ್ರಾಣಿಗಳ ಹತ್ತಿರದ ಬಂಧುವಾದ, ಸಮುದ್ರದಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ಏಕಕೋಶ ಜೀವಿ ಮಾನೋಸಿಗಾದಲ್ಲಿ ಕ್ಯಾಡ್‌ಹೆರಿನ್ ಬಗೆಯ 23 ಜೀನ್‌ಗಳಿರುವುದು 2008ರಲ್ಲಿ ಪ್ರಕಟವಾಯಿತು. ಇ-ಕ್ಯಾಡ್‌ಹೆರಿನ್‌ನ ಕೆಟೆನಿನ್ ಹಿಡಿಯುವ ಬಾಲ ಅವಕ್ಕಿಲ್ಲ, ತೋಳಿನ ತುಂಡುಗಳ ವಿನ್ಯಾಸ ಮಾತ್ರ ಇದೆ. ಎಂದರೆ ದೇಹಗಳಿಗಿಂತ ಮೊದಲೇ ಆ ತುಂಡುಗಳಿದ್ದವು. ಬೇರೆ ಯಾವುದೋ ಕೆಲಸಕ್ಕಿದ್ದದ್ದು ಪ್ರಾಣಿಗಳಲ್ಲಿ ಕೋಶಗಳನ್ನು ಕೂಡಿಸುವ ಕೆಲಸಕ್ಕೆ ಬಂತು. ಇದನ್ನು ಹೇಳಿದಾಗ ಮುಂದಿನ ಬೆಂಚಿನವನು ಕೇಳಿದ: “ಒಂಟಿ ಕೋಶ ಯಾರ ಕೈ ಹಿಡಿಯುತ್ತೆ ಮಿಸ್?” ಬಹುಶಃ ತಿನ್ನುವ ಬ್ಯಾಕ್ಟೀರಿಯಾವನ್ನು ಎಂಬ ಊಹೆ ಇದೆ ಎಂದೆ. ಊಹೆ ಎಂಬ ಪದವನ್ನು ಎರಡು ಸಲ ಹೇಳಿದೆ.

ಬೆರಳಿನ ಕೊಕ್ಕೆಗೂ ಮಿತಿಯಿದೆ. ಕೋಶಕ್ಕೆ ಮನಸ್ಸಿದೆ, ಅದು ಬೇಕೆಂದೇ ಹಿಡಿಯುತ್ತದೆ ಎಂದು ಇಬ್ಬರು ಉತ್ತರಪತ್ರಿಕೆಯಲ್ಲಿ ಬರೆದಿದ್ದಾರೆ. ಅದನ್ನು ಮುಂದಿನ ಪಾಠದಲ್ಲಿ ತಿದ್ದಬೇಕು. ಚಟುವಟಿಕೆಗೆ ಹಿಡಿದದ್ದು 7 ನಿಮಿಷ. ಗೋಡೆಯ ಚಿತ್ರ ಬರೆದು ಬಣ್ಣ ತುಂಬಲು 5 ನಿಮಿಷ ಹಿಡಿದಿತ್ತು.