ಪೂರ್ವಪಕ್ಷವಿಲ್ಲದ ಸಭೆ

ನಮ್ಮ ಸಂಘದ ಮಾಸಿಕ ಗೋಷ್ಠಿಯಲ್ಲಿ ಪ್ರಬಂಧವಾಚನವಾದ ಬಳಿಕ ಆಕ್ಷೇಪಗಳನ್ನೆತ್ತಲು ಅವಕಾಶವಿರಕೂಡದೆಂದೂ, ಸಂಶಯವುಳ್ಳವರು ಅದನ್ನು ಚೀಟಿಯಲ್ಲಿ ಬರೆದು ಕಾರ್ಯದರ್ಶಿಗಳಿಗೆ ಒಪ್ಪಿಸತಕ್ಕದ್ದೆಂದೂ ಸದಸ್ಯ ಮಹಾಶಯರೊಬ್ಬರು ಸೂಚನೆಯನ್ನು ಕೊಟ್ಟಿರುವರು. ಅವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಕಳೆದ ವರ್ಷ ಎರಡು ಸಭೆಗಳಲ್ಲಿ ಮಾತಿಗೆ ಮಾತು ಬೆಳೆದು ಹಿರಿಯರೊಬ್ಬರು ಮನನೊಂದು ಎದ್ದುಹೋದದ್ದು ನಿಜ. ಮೊದಲ ಬಾರಿಗೆ ಪ್ರಬಂಧವನ್ನೋದಿದ ಗೃಹಿಣಿಯೊಬ್ಬರು ಮತ್ತೆ ನಮ್ಮ ಕಡೆಗೆ ಸುಳಿಯಲಿಲ್ಲವೆಂಬುದೂ ನಿಜ. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದುಂಟೆ?

ನಮ್ಮ ಪ್ರಾಚೀನರು ಈ ರೋಗವನ್ನು ಅರಿಯದವರಲ್ಲ. ಗೌತಮನು ನ್ಯಾಯಸೂತ್ರದಲ್ಲಿ ಎಣಿಸಿದ ಹದಿನಾರು ಪದಾರ್ಥಗಳೊಳಗೆ ವಾದ, ಜಲ್ಪ, ವಿತಂಡೆಗಳಿಗೆ ಬೇರೆ ಬೇರೆ ಸ್ಥಾನವಿರುವುದು. ತತ್ತ್ವವನ್ನು ತಿಳಿಯಬೇಕೆಂದು ಆಡುವ ಮಾತು ವಾದ. ಛಲವನ್ನಾದರೂ ಹೂಡಿ ಗೆಲ್ಲಬೇಕೆಂಬುದು ಜಲ್ಪ. ತನಗೊಂದು ಪಕ್ಷವೇ ಇಲ್ಲದೆ ಪರಪಕ್ಷವನ್ನು ಕೆಡಹುವುದಷ್ಟೇ ವಿತಂಡೆ. ಕಳೆದ ವರ್ಷ ನಮ್ಮಲ್ಲಿ ನಡೆದದ್ದು ಜಲ್ಪ. ಈಗ ನಿಷೇಧಿಸಹೊರಟಿರುವುದು ವಾದವನ್ನು. ನಾನು ಓದಿದ ಪಾಠಶಾಲೆಯಲ್ಲಿ, ಎದುರಾಳಿಯ ಮತವನ್ನು ಅವನೇ ತಲೆದೂಗುವಂತೆ ಅನುವಾದಮಾಡಿದ ಹೊರತು ಉತ್ತರಕ್ಕೆ ಬಾಯಿ ತೆರೆಯುವಂತಿರಲಿಲ್ಲ. ಆ ಜಗುಲಿಯ ಮೇಲೆ ಕುಳಿತು ವಾದಿಸುವ ಅಧಿಕಾರವು ಎಲ್ಲರಿಗೂ ಇರಲಿಲ್ಲವೆಂಬುದನ್ನು ಮುಚ್ಚಿಡಲಾರೆನು. ಆ ವಿಷಯದಲ್ಲಿ ನಮ್ಮ ಗೋಷ್ಠಿಯೇ ಮೇಲು. ಮೇಲಾದದ್ದರಿಂದಲೇ ನನಗೊಂದು ಪಾಠವಾಯಿತು.

ಆರು ವರ್ಷಗಳ ಹಿಂದೆ ಇದೇ ಗೋಷ್ಠಿಯಲ್ಲಿ ಸಂಸ್ಕೃತಕ್ಕೆ ಕನ್ನಡದ ಋಣವನ್ನು ಕುರಿತು ಪ್ರಬಂಧವನ್ನೋದುತ್ತ, ನಮ್ಮ ‘ನೀರು’ ಸಂಸ್ಕೃತದ ‘ನೀರ’ದಿಂದ ಬಂದುದೆಂದು ಹೇಳಿದೆನು. ಉಪಾಧ್ಯಾಯಿನಿಯೊಬ್ಬರು, ನನ್ನ ಮಗಳ ವಯಸ್ಸಿನವರು, ಎದ್ದು ನಿಂತು, “ಮೇಷ್ಟ್ರೇ, ವೇದದಲ್ಲಿ ಆಪಃ, ಉದಕ ಎಂಬುವೇ ಹೆಚ್ಚಾಗಿ ಕಾಣುವುವಲ್ಲ? ತಮಿಳು, ತೆಲುಗು, ಮಲೆಯಾಳಗಳಲ್ಲೆಲ್ಲ ನೀರೆಂಬ ಶಬ್ದವಿರುವಾಗ, ಸಾಲ ಕೊಟ್ಟವರು ನಾವೇ ಏಕಾಗಿರಬಾರದು?” ಎಂದು ಕೇಳಿದರು. ಸಭೆ ನಕ್ಕಿತು. “ಮೊದಲು ಅಮರಕೋಶವನ್ನೋದಿ ಬನ್ನಿ” ಎಂದುಬಿಟ್ಟೆನು. ಅದು ಜಲ್ಪವೆನ್ನಲೂ ತಕ್ಕುದಲ್ಲ, ಬರಿಯ ಅಹಂಕಾರ. ಆ ರಾತ್ರಿ ಮನೆಯಲ್ಲಿ 1894ರ ಕಿಟ್ಟೆಲ್ ನಿಘಂಟನ್ನು ತೆರೆದರೆ, ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಶಬ್ದಗಳ ಉದ್ದವಾದ ಪಟ್ಟಿಯೇ ಪೀಠಿಕೆಯಲ್ಲಿದ್ದಿತು! ಮೂವತ್ತು ವರ್ಷ ಆ ನಿಘಂಟನ್ನು ಬಳಸಿದವನು ಪೀಠಿಕೆಯನ್ನೇ ಓದಿರಲಿಲ್ಲ. ನಾಚಿಕೆಯಿಂದ ಎರಡು ಸಭೆಗಳನ್ನು ತಪ್ಪಿಸಿಕೊಂಡೆನು. ಮೂರನೆಯದರಲ್ಲಿ ಎದ್ದು ತಪ್ಪೊಪ್ಪಿಕೊಂಡೆನು. ಆ ತಾಯಿ ಅಂದಿನಿಂದ ಶಬ್ದಮಣಿದರ್ಪಣವನ್ನು ನನ್ನೊಡನೆ ಓದುತ್ತಿರುವರು. ತಮಿಳಿನ ರೂಪಗಳನ್ನು ಅವರಿಂದ ನಾನು ಕಲಿಯುತ್ತಿರುವೆನು. ಆ ಪ್ರಶ್ನೆಯು ಚೀಟಿಯಲ್ಲಿ ಬಂದಿದ್ದರೆ ಏನಾಗುತ್ತಿದ್ದಿತು? ಜೇಬಿಗೆ ಸೇರಿಸಿ ಮರೆತುಬಿಡುತ್ತಿದ್ದೆನು. ನನ್ನನ್ನು ನಾನು ಬಲ್ಲೆನು.

ಭಿನ್ನಾಭಿಪ್ರಾಯದಿಂದ ಸ್ನೇಹವು ಕೆಡುವುದೆನ್ನುವರು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನರು ಮಡಿದರು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೈವವು ವಿಧಿಸಿದ ದಂಡನೆಯೆಂದು ಗಾಂಧೀಜಿಯವರು ನುಡಿದರು. ಅಸ್ಪೃಶ್ಯತೆಯನ್ನು ತಾವೂ ಖಂಡಿಸುತ್ತಿದ್ದ ರವೀಂದ್ರನಾಥ ಠಾಕೂರರು, ಪ್ರಕೃತಿಯ ಉತ್ಪಾತಕ್ಕೆ ನೈತಿಕ ಕಾರಣವನ್ನು ಕಲ್ಪಿಸುವುದು ಜನರ ಅವಿವೇಕವನ್ನು ಬೆಳೆಸುವುದೆಂದು ಪ್ರತಿಭಟಿಸಿದರು. ಗಾಂಧೀಜಿಯವರು ಆ ಖಂಡನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಹಾಕಿಸಿ ತಮ್ಮ ಉತ್ತರವನ್ನೂ ಕೊಟ್ಟರು. ಮತವನ್ನು ಮಾತ್ರ ಬಿಡಲಿಲ್ಲ. (ಈ ವಿವಾದದಲ್ಲಿ ನಾನು ಠಾಕೂರರ ಪಕ್ಷದವನು.) 1936ರಲ್ಲಿ, ವೃದ್ಧರಾದ ಆ ಕವಿಗಳು ವಿಶ್ವಭಾರತಿಗಾಗಿ ಹಣಕೂಡಿಸಲು ಊರೂರು ತಿರುಗುತ್ತಿದ್ದುದನ್ನು ಸಹಿಸಲಾರದೆ 60,000 ರೂಪಾಯಿಗಳನ್ನು ಒದಗಿಸಿಕೊಟ್ಟವರು ಅದೇ ಗಾಂಧೀಜಿಯವರು. ಸ್ನೇಹವು ಎಲ್ಲಿ ಕೆಟ್ಟಿತು?

ಸಭೆಯಲ್ಲಿ ಆಡಲಾರದ ಮಾತು ಹೋಟೆಲಿನ ಮೇಜಿಗೆ ಹೋಗುವುದು. ಅಲ್ಲಿ ಉತ್ತರ ಹೇಳತಕ್ಕವನೇ ಇರುವುದಿಲ್ಲ. ಈಗಾಗಲೇ ಹೋಗಿದೆ ಎಂದೂ ಕೇಳಿರುವೆನು. ಎದ್ದುಹೋದ ಹಿರಿಯರನ್ನೂ ಬಾರದಿರುವ ಗೃಹಿಣಿಯನ್ನೂ ಮರಳಿ ಕರೆತರುವುದಕ್ಕೆ ನಾವು ಅವರ ಮನೆಗಳಿಗೆ ಹೋಗಬೇಕಾಗಿತ್ತು, ಠರಾವನ್ನು ಬರೆಯುವುದಲ್ಲ. ಈವರೆಗೆ ಹೋಗದಿದ್ದ ತಪ್ಪಿನಲ್ಲಿ ನನಗೂ ಪಾಲುಂಟು.

ಬರುವ ಸಭೆಯಲ್ಲಿ ಈ ಸೂಚನೆಯನ್ನು ನಾನು ವಿರೋಧಿಸುವೆನು. ಅದಕ್ಕೆ ಬದಲಾಗಿ, ಆಕ್ಷೇಪಿಸುವವನು ಮೊದಲು ಪ್ರಬಂಧಕಾರರ ಮತವನ್ನು ಅವರು ಒಪ್ಪುವಂತೆ ಹೇಳಿ, ಆಮೇಲೆ ತನ್ನದನ್ನು ಹೇಳತಕ್ಕದ್ದೆಂಬ ನಿಯಮವನ್ನು ಮುಂದಿಡುವೆನು. ಅದರಂತೆ ಸೂಚಕ ಮಹಾಶಯರ ಪಕ್ಷವನ್ನು ಅಂದು ಮೊದಲು ನಾನೇ ಹೇಳುವೆನು. ತಪ್ಪಾಗಿ ಹೇಳಿದಲ್ಲಿ ಅವರು ಅಲ್ಲಿಯೇ ಎದ್ದು ತಡೆಯಲಿ. ಚೀಟಿ ಬರೆಯುವುದು ಬೇಡ.